ನಾನು ಮಾತಾಡುವುದೇ ಹೀಗೆ, ಇದು ಡೈಲಾಗ್ ಅಲ್ಲ ಮಾರ್ರೆ

ಕಟಪಾಡಿ ಎಕ್ಸ್‌ಪ್ರೆಸ್ · ಶನಿವಾರ, ರಾತ್ರಿ 9.40

ಮೊದಲೇ ಹೇಳಿಬಿಡ್ತೇನೆ, ಇದು ದೂರು ಅಲ್ಲ. ಸುಮ್ಮನೆ ಒಂದು ಮಂಡೆಬಿಸಿ. ಮಳೆಗೆ ಕರೆಂಟು ಹೋಗಿ ಎರಡು ಗಂಟೆ ಆಯ್ತು, ಫೋನಿನಲ್ಲಿ 31 ಪರ್ಸೆಂಟ್ ಉಂಟು, ಅದು ಖಾಲಿಯಾಗುವುದರೊಳಗೆ ಬರೆದು ಮುಗಿಸಬೇಕು.

ನನಗೆ 25 ವರ್ಷ. ಮನೆ ಕಟಪಾಡಿ, ಕೆಲಸ ಮಂಗಳೂರಿನಲ್ಲಿ. ದಿನಾ ಬೆಳಿಗ್ಗೆ ಉಡುಪಿಯಿಂದ ಬರುವ ಎಕ್ಸ್‌ಪ್ರೆಸ್ ಬಸ್ಸಿಗೆ ಕೈ ತೋರಿಸುವುದು. ಸೀಟು ಸಿಕ್ಕಿದರೆ ಪುಣ್ಯ, ಇಲ್ಲದಿದ್ದರೆ ಮೂಲ್ಕಿವರೆಗೆ ಕಂಬಿಗೆ ಜೋತು ಬಿದ್ದು, ಡ್ರೈವರಣ್ಣ ಹಾಕುವ ತೊಂಬತ್ತರ ದಶಕದ ಪದ್ಯ ಕೇಳಿಕೊಂಡು (ನಾನು ಹುಟ್ಟುವ ಮೊದಲಿನ ಎಲ್ಲ ಹಿಂದಿ ಪದ್ಯ ನನಗೆ ಬಾಯಿಪಾಠ, ಈಗಿನದ್ದು ಒಂದೂ ಬರುವುದಿಲ್ಲ) ಲಾಲ್‌ಬಾಗಿನಲ್ಲಿ ಇಳಿಯುವುದು. ನಮ್ಮ ಟೀಮಿನಲ್ಲಿ ಒಂಬತ್ತು ಜನ. ನಾನೊಬ್ಬಳು ಇಲ್ಲಿ, ಬಾಕಿ ಎಂಟೂ ಜನ ಬೆಂಗಳೂರಿನ ಆಫೀಸಿನಲ್ಲಿ. ಹತ್ತು ಗಂಟೆಗೆ ವಿಡಿಯೋ ಮೀಟಿಂಗ್.

ಸೋಮವಾರ ಎಂತಾಯ್ತು ಅಂದ್ರೆ, ಬಸ್ಸಿಂದ ಇಳಿದು ಕೊಡೆ ಬಿಡಿಸುವಷ್ಟರಲ್ಲಿ ಗಾಳಿಗೆ ಕೊಡೆಯೇ ಮಗುಚಿಬಿತ್ತು. ಓಡಿಕೊಂಡು ಆಫೀಸಿಗೆ ಹೋಗಿ, ಕ್ಯಾಮೆರಾ ಹಾಕಿ, ಏದುಸಿರು ಬಿಡುತ್ತಾ "ಸರ್, ಐದು ನಿಮಿಷ ಕೊಡಿ, ನಾನು ಪೂರ್ತಿ ಚಂಡಿ ಆಗಿದ್ದೇನೆ" ಅಂದೆ.

ಆ ಕಡೆ ಎಂಟೂ ಜನ ಗಪ್‌ಚಿಪ್. ಕೂದಲು ಬೇರೆ ಬಿಚ್ಚಿ ಮುಖದ ಮೇಲೆ ಇಳಿದಿತ್ತು. ಸ್ವಲ್ಪ ಹೊತ್ತಾದ ಮೇಲೆ ಮ್ಯಾನೇಜರ್ ಬಹಳ ಮೆತ್ತಗೆ ಕೇಳಿದರು: "ಯಾರ ಮೇಲೆ ಕೋಪ?"

ನಮ್ಮಲ್ಲಿ ಚಂಡಿ ಅಂದ್ರೆ ಒದ್ದೆ ಅಂತ ವಿವರಿಸಿದ್ದೇ ತಪ್ಪಾಯ್ತು. "ಅಯ್ಯೋ ಇನ್ನೊಂದ್ಸಲ ಹೇಳಿ, ರೆಕಾರ್ಡ್ ಮಾಡ್ಕೋತೀನಿ" ಅಂತ ಒಬ್ಬಳು. "ಸೇಮ್ ಆ ಸಿನಿಮಾ ಥರಾನೇ" ಅಂತ ಇನ್ನೊಬ್ಬ. ಈಗ ಎಂತಾಗಿದೆ ಅಂದ್ರೆ, ಯಾರದ್ದಾದರೂ ಬರ್ತ್‌ಡೇ ಇದ್ದರೆ ಕೇಕಿನ ಮೊದಲು ನನ್ನಿಂದ ಒಂದು "ಎಂತ ಮಾರ್ರೆ" ಹೇಳಿಸ್ತಾರೆ. ದೀಪ ಹಚ್ಚಿದ ಹಾಗೆ.

ತಮಾಷೆ ಏನಂದ್ರೆ, ಇದೇ ನಾಲಗೆಗೆ ಮೊದಲು ಕಿಲುಬು ಕಾಸಿನ ಬೆಲೆ ಇರಲಿಲ್ಲ. 2022ರಲ್ಲಿ, ಮಳೆಗಾಲಕ್ಕೆ ಮೊದಲು, ಮೂರು ತಿಂಗಳು ಇಂಟರ್ನ್‌ಶಿಪ್ಪಿಗೆ ಬೆಂಗಳೂರಿನಲ್ಲಿದ್ದೆ. ಬಾಯಿ ತೆರೆದರೆ "ನೀವು ಕೇರಳದವರಾ?" "ಇಷ್ಟು ಬುಕ್ ಥರ ಯಾಕೆ ಮಾತಾಡ್ತೀರಾ?" ಪಿಜಿಯ ಬಾತ್ರೂಮಿನ ಕನ್ನಡಿ ಎದುರು ನಿಂತು "ಬರ್ತೀನಿ, ಹೋಗ್ತೀನಿ, ತಿಂತೀನಿ" ಅಂತ ಮಗ್ಗಿ ಹೇಳಿದ ಹಾಗೆ ಪ್ರಾಕ್ಟೀಸ್ ಮಾಡಿದ್ದೇನೆ, ನಾಚಿಕೆ ಇಲ್ಲದೆ ಹೇಳ್ತೇನೆ. ನಾನು ವಾಪಸ್ ಬಂದೆ, ಸೆಪ್ಟೆಂಬರ್ 30ಕ್ಕೆ 'ಕಾಂತಾರ' ಬಂತು. ಕಳೆದ ವರ್ಷ ಜುಲೈಯಲ್ಲಿ 'ಸು ಫ್ರಮ್ ಸೋ' ಬಂತು. ನಾಲಗೆ ಅದೇ, ರೇಟು ಮಾತ್ರ ಏರಿದ್ದು.

ಇಷ್ಟಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ನಿನ್ನೆ ಸಂಜೆ ಬಸ್ಸಿನಲ್ಲಿ ಕಂಡಕ್ಟರ್ ಐದು ರೂಪಾಯಿ ಬಾಕಿ ಇಟ್ಟುಕೊಂಡು ಮುಂದೆ ಹೋದರು. ನಾನು ಕರೆದು, ಗೊತ್ತಿಲ್ಲದೆಯೇ, ಕತ್ತು ಸ್ವಲ್ಪ ವಾರೆ ಮಾಡಿ, ರಾಗ ಎಳೆದು "ಎಂಥಾ ಮಾರ್ರೇ, ಚಿಲ್ಲರೆ ಇಲ್ವಾ?" ಅಂದೆ. ಅದೂ ಕನ್ನಡದಲ್ಲಿ! ಹುಟ್ಟಿದಾಗಿನಿಂದ ಕಂಡಕ್ಟರ್ ಹತ್ತಿರ ತುಳುವಲ್ಲದೆ ಬೇರೆ ಮಾತಾಡಿದವಳಲ್ಲ ನಾನು. ಅವರು ಮೇಲಿಂದ ಕೆಳಗೆ ನೋಡಿ ಕೇಳಿದ್ದು: "ದಾನೆ ಅಕ್ಕ, ಶೂಟಿಂಗ್ ಉಂಡಾ?" (ಏನಕ್ಕ, ಶೂಟಿಂಗ್ ಉಂಟಾ?)

ಅಂದರೆ ನಾನೀಗ ನನ್ನ ಹಾಗೆ ಮಾತಾಡುತ್ತಿದ್ದೇನಾ, ಅಥವಾ ಸಿನಿಮಾದಲ್ಲಿ ನನ್ನ ಹಾಗೆ ಮಾತಾಡುವವರ ಹಾಗೆ ಮಾತಾಡುತ್ತಿದ್ದೇನಾ? ನಿಮಗೂ ಹೀಗೆ ಆಗ್ತದಾ? 19 ಪರ್ಸೆಂಟ್. ಗುಡ್ ನೈಟ್.

---

ಪದಾರ್ಥ ಎಂತ · ಶನಿವಾರ, ರಾತ್ರಿ 9.58

ಅಕ್ಕ, ಚಂಡಿ ಬಿಡಿ, ನನ್ನ ಕಥೆ ಕೇಳಿ. ಬೆಂಗಳೂರಿಗೆ ಓದಲಿಕ್ಕೆ ಹೋದ ಮೊದಲನೇ ದಿನ, ಹಾಸ್ಟೆಲ್ ರೂಮಿನಲ್ಲಿ ಪರಿಚಯ ಇಲ್ಲದ ಹುಡುಗಿ. ಮಾತಿಗೆ ಶುರು ಮಾಡುವ ಅಂತ ಕೇಳಿದೆ, "ಇಲ್ಲಿ ರಾತ್ರಿಗೆ ಎಂತ ಪದಾರ್ಥ ಸಿಗ್ತದೆ?" ಅವಳು ಎದ್ದು ಹೋಗಿ ಬಾಗಿಲು ಹಾಕಿ ಬಂದು, ಸಣ್ಣ ದನಿಯಲ್ಲಿ "ನಾನು ಅಂಥವಳಲ್ಲ" ಅಂದಳು.

ಅವಳಿಗೆ ಪದಾರ್ಥ ಅಂದ್ರೆ ಪೇಪರಿನಲ್ಲಿ ಬರುವ ಮಾದಕ ಪದಾರ್ಥ. ನನಗೆ ಅನ್ನಕ್ಕೆ ಕಲಸಿಕೊಳ್ಳುವ ಬಸಳೆ.

ಸುರತ್ಕಲ್ ಸೀಗಾಳಿ · ಶನಿವಾರ, ರಾತ್ರಿ 10.06

ಬೊಂಡ ಯಾರೂ ಹೇಳಲಿಲ್ಲವಾ ಇನ್ನೂ? ನಮಗೆ ಬೊಂಡ ಅಂದ್ರೆ ಎಳನೀರು. ಜ್ವರ ಬಂದು ರಜೆ ಹಾಕಿದ್ದೆ, ಆಫೀಸಿಂದ ಫೋನು, "ಏನ್ ತಗೊಂಡ್ರಿ?" "ಬೆಳಿಗ್ಗೆಯಿಂದ ಎರಡು ಬೊಂಡ ಕುಡಿದೆ, ಮತ್ತೆಂತ ಸೇರುವುದಿಲ್ಲ." ಎಣ್ಣೆಯಲ್ಲಿ ಕರಿದದ್ದನ್ನು ಜ್ವರದಲ್ಲಿ ಕುಡಿಯುವ ಜನ ಅಂತ ನಮ್ಮ ಬಗ್ಗೆ ಅಲ್ಲಿ ಈಗಲೂ ಒಂದು ಅಭಿಪ್ರಾಯ ಉಂಟು.

ಕಟಪಾಡಿ ಎಕ್ಸ್‌ಪ್ರೆಸ್ · ಶನಿವಾರ, ರಾತ್ರಿ 10.09

ನಗು ತಡೆಯಲಿಕ್ಕೆ ಆಗ್ತಾ ಇಲ್ಲ, ಅಮ್ಮ ಒಳಗಿಂದ ಬೈತಿದ್ದಾರೆ. 14 ಪರ್ಸೆಂಟ್.

ಅಕೌಂಟ್ಸ್ ಗೌಡ · ಶನಿವಾರ, ರಾತ್ರಿ 10.31

ನಾನು ಮಂಡ್ಯದೋನು. ಮಣಿಪಾಲದಲ್ಲಿ ಕೆಲಸ, ಮೂರು ವರ್ಷ ಆಯ್ತು. ಹೊರಗಿನವನ ಕಷ್ಟಾನೂ ಒಸಿ ಕೇಳಿ.

ಬಂದ ಮೊದಲನೇ ವಾರ, ಮಧ್ಯಾಹ್ನ ಎಲ್ರೂ ಎದ್ದು "ಊಟಕ್ಕೆ ಹೋಗುವ" ಅಂದ್ರು. ಯಾರು ಹೋಗುವ? ಎಲ್ಲಿಗೆ ಹೋಗುವ? ವಾಕ್ಯ ಮುಗೀಲಿ ಅಂತ ಕಾಯ್ತಾ ಕುಂತಿದ್ದೆ. ಅವ್ರೆಲ್ಲಾ ಹೋಗಿ ಉಂಡ್ಕೊಂಡು ಬಂದ್ರು. ನಮ್ಮೂರಲ್ಲಿ "ಹೋಗಾಣ" ಅಂತೀವಿ, ಅದೇ ಇದು ಅಂತ ಗೊತ್ತಾಗೋ ಹೊತ್ಗೆ ಸಾಯಂಕಾಲ.

ಆಮೇಲೆ ಈ "ಅದು ಉಂಟಲ್ಲ". ಏನೇ ಶುರು ಮಾಡ್ಲಿ, "ಅದು ಉಂಟಲ್ಲ..." ಅಂತ ನಿಲ್ಲಿಸ್ತಾರೆ. ನಾನು ಪ್ರತಿ ಸಲ ಮರ್ಯಾದೆಗೆ "ಹೂಂ, ಉಂಟು" ಅಂತಿದ್ದೆ. ಏನು ಉಂಟು ಅಂತ ದೇವರಾಣೆ ನಂಗೆ ಗೊತ್ತಿರ್ಲಿಲ್ಲ.

ಇನ್ನು ಸಿನಿಮಾ ವಿಷ್ಯ. ನಿಮ್ಗೆ "ಎಂತ ಮಾರ್ರೆ" ಅನ್ನಿಸ್ತಾರೆ, ಅಷ್ಟೇ. ಮಂಡ್ಯ ಭಾಷೆ ಅಂದ್ರೆ ಪರದೆ ಮೇಲೆ ಒಂದು ಕೈಲಿ ಮಚ್ಚು ಇರ್ಲೇಬೇಕು. ಇಲ್ಲಿ ಬಂದ ಹೊಸದ್ರಲ್ಲಿ ಮನೆ ಓನರ್ ಆಂಟಿ ಬಾಡಿಗೆ ಕೇಳಕ್ಕೇ ಹೆದ್ರುತಿದ್ರು. ನಾನು ಅಕೌಂಟ್ಸ್‌ನೋನು ಕಣಮ್ಮ, ಸ್ಟೇಪ್ಲರ್ ಬಿಟ್ರೆ ಬೇರೆ ಆಯುಧ ಹಿಡ್ದೋನಲ್ಲ.

ಇನ್ನೊಂದು, ಬಸ್ಸಲ್ಲಿ ಐದು ರೂಪಾಯಿ ಚಿಲ್ಲರೆ ಯಾಕೆ? ಹೆಣ್ಮಕ್ಕಳಿಗೆ ಫ್ರೀ ಅಲ್ವಾ?

ಪದಾರ್ಥ ಎಂತ · ಶನಿವಾರ, ರಾತ್ರಿ 10.40

ಅದು ಉಂಟಲ್ಲ ಗೌಡ್ರೆ, ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದಾಗ ನಾವೂ ಕುಣಿದದ್ದೇ. ಆದರೆ ಅದು ಸರಕಾರಿ ಬಸ್ಸಿಗೆ. ನಮ್ಮ ಕಡೆ ಮನೆ ಎದುರು ನಿಲ್ಲುವುದು ಹೆಚ್ಚಿನದ್ದೆಲ್ಲ ಪ್ರೈವೇಟ್. ಹಾಗಾಗಿ ನಾವು ದುಡ್ಡೂ ಕೊಡ್ತೇವೆ, "ದುಂಬು ಪೋಲೆ, ದುಂಬು ಪೋಲೆ" ಅಂತ ಬೈಸಿಕೊಂಡು ಮುಂದೆಯೂ ಹೋಗ್ತೇವೆ. ಡ್ರೈವರಿನ ತೊಡೆಯ ಮೇಲೆ ಮಾತ್ರ ಇನ್ನು ಜಾಗ ಇರುವುದು, ಆದರೂ ದುಂಬು ಪೋಲೆ.

ಕುಂದಾಪ್ರ ಗಂಡ್ · ಶನಿವಾರ, ರಾತ್ರಿ 11.15

ಹ್ವಾಯ್, ಒಂಚೂರ್ ನಿಲ್ಲಿ ಕಾಂಬ. 2022ರ ಪಿಚ್ಚರ್ ಕಂಡ್ಕಂಡ್ ಮಂಗ್ಳೂರಿನೋರ್ ಎಂತಕ್ ಕಾಲರ್ ಎತ್ತುದ್? ಅದ್ರ ಡೈರೆಕ್ಟ್ರ ಊರ್ ನಮ್ ಬದಿ ಕೆರಾಡಿ. ಶೂಟಿಂಗ್ ಆದ್ದೂ ಅಲ್ಲೇ. ಭಾಷಿ ನಮ್ದ್, ಮಳಿ ನಮ್ದ್, ಕೆಸ್ರೂ ನಮ್ದ್. ಹೆಸ್ರ್ ಮಾತ್ರ ಮಂಗ್ಳೂರಿಗಾ?

ನಮ್ಗೆ ಆಸಾಡಿ ಅಮಾಸಿಗೆ ವಿಶ್ವ ಕುಂದಾಪ್ರ ಕನ್ನಡ ದಿನ ಅಂದೇಳಿ ಒಂದ್ ದಿನವೇ ಇತ್ತ್. ನಿಮ್ ಮಂಗ್ಳೂರ್ ಕನ್ನಡಕ್ಕೆ ಎಂತ ಇತ್ತ್? ಬರೀ ಗಡ್‌ಬಡ್!

ಸುರತ್ಕಲ್ ಸೀಗಾಳಿ · ಶನಿವಾರ, ರಾತ್ರಿ 11.19

ಗಡ್‌ಬಡ್ ಐಸ್‌ಕ್ರೀಮ್ ಕೂಡ ನಮ್ಮದಲ್ಲ ಅಂತಾರೆ, ಉಡುಪಿಯ ಡಯಾನಾ ಹೋಟೆಲಿನಲ್ಲಿ ಹುಟ್ಟಿದ್ದಂತೆ. ನಮಗೆ ಎಂತದ್ದೂ ಉಳಿಯುವ ಹಾಗೆ ಕಾಣುವುದಿಲ್ಲ.

ಕಟಪಾಡಿ ಎಕ್ಸ್‌ಪ್ರೆಸ್ · ಭಾನುವಾರ, ಬೆಳಿಗ್ಗೆ 7.50

ಕರೆಂಟು ಬಂತು, ರಾತ್ರಿ ಮೂರು ಗಂಟೆಗೆ. ಎಲ್ಲ ಕಮೆಂಟು ಈಗ ಓದಿದೆ.

ಕುಂದಾಪ್ರದ ಅಣ್ಣ, ಒಪ್ಪಿದೆ, ಊರು ನಿಮ್ಮದೇ. ಆದರೆ ಆ ಸಿನಿಮಾದಲ್ಲಿ ಇರುವುದು ಅಪ್ಪಟ ಕುಂದಾಪ್ರ ಕನ್ನಡ ಅಂತ ನನಗೆ ಅನ್ನಿಸುವುದಿಲ್ಲ. ಎಲ್ಲರಿಗೂ ಅರ್ಥ ಆಗುವ ಹಾಗೆ ಸ್ವಲ್ಪ ನೀರು ಬೆರೆಸಿದ್ದಾರೆ. ಅಪ್ಪಟ ಇದ್ದಿದ್ದರೆ ಬೆಂಗಳೂರಿನವರು ಬಿಡಿ, ನನಗೇ ಕೆಳಗೆ ಅಕ್ಷರ ಬೇಕಿತ್ತು. ನಿಮ್ಮ ಕಮೆಂಟನ್ನು ನಾನು ಎರಡು ಸಲ ಗಟ್ಟಿಯಾಗಿ ಓದಿದ ಮೇಲೆ ಗೊತ್ತಾದದ್ದು ನೀವು ಬೈತಿದ್ದೀರಿ ಅಂತ.

ಮತ್ತೆ ಇದು ಬರೀ ಕುಂದಾಪುರ, ಮಂಗಳೂರು ಅಂತ ಎರಡು ಮನೆಯ ಜಗಳವೂ ಅಲ್ಲ. ನಮ್ಮ ಮನೆಯಲ್ಲಿ ಕನ್ನಡ ಮಾತಾಡುವುದೇ ಇಲ್ಲ. ತುಳು. ಕನ್ನಡ ನನಗೆ ಸಿಕ್ಕಿದ್ದು ಶಾಲೆಯಲ್ಲಿ, ಟೀಚರ ಬಾಯಿಂದ ಮತ್ತು ಪುಸ್ತಕದಿಂದ. ಪುಸ್ತಕದಲ್ಲಿ "ಬರುತ್ತೇನೆ" ಅಂತ ಇತ್ತು, ನಾನು "ಬರ್ತೇನೆ" ಅಂದೆ. "ಬರ್ತೀನಿ" ಅಂತ ಯಾವ ಪಾಠದಲ್ಲೂ ಇರಲಿಲ್ಲ. ಬುಕ್ ಥರ ಮಾತಾಡ್ತೀಯ ಅಂದವರಿಗೆ ಆಗ ಈ ಉತ್ತರ ಹೊಳೆದಿರಲಿಲ್ಲ, ನಾಲ್ಕು ವರ್ಷ ಬಿಟ್ಟು ಭಾನುವಾರ ಬೆಳಿಗ್ಗೆ ಚಾ ಕುಡಿಯುವಾಗ ಹೊಳೆಯಿತು. ನನ್ನ ಎಲ್ಲ ಒಳ್ಳೆಯ ಉತ್ತರಗಳೂ ಹೀಗೇ.

ಬಿಜೈ ಬಾಯ್ · ಭಾನುವಾರ, ಬೆಳಿಗ್ಗೆ 9.20

ಚರ್ಚಿಂದ ಈಗಷ್ಟೇ ಬಂದೆ. ಇದು ನೂರಕ್ಕೆ ನೂರು ಸತ್ಯ ಮಾರಾಯ್ತಿ. ನಮ್ಮ ಮನೆಯಲ್ಲಿ ಬೈಗುಳ ಮತ್ತು ಪ್ರಾರ್ಥನೆ ಎರಡೂ ಕೊಂಕಣಿ. ಮೀನು ತಗೊಳ್ಳಲಿಕ್ಕೆ ತುಳು. ಕನ್ನಡದಲ್ಲಿ ಕೇಳಿದರೆ ಬಂಗುಡೆಗೆ ಇಪ್ಪತ್ತು ರೂಪಾಯಿ ಜಾಸ್ತಿ ಹೇಳ್ತಾರೆ. ಲೆಕ್ಕ ಮಾಡುವುದು ಇಂಗ್ಲಿಷಿನಲ್ಲಿ. ನನ್ನ ಬೆಸ್ಟ್ ಫ್ರೆಂಡ್ ಬಂದರಿನವಳು, ಅವಳ ಮನೆಯಲ್ಲಿ ಬ್ಯಾರಿ. ನಾವಿಬ್ಬರೂ ಜಗಳ ಆಡುವುದು ತುಳುವಿನಲ್ಲಿ, ರಾಜಿ ಆಗುವುದು ಕನ್ನಡದಲ್ಲಿ, ಯಾಕೆಂದ್ರೆ ಕನ್ನಡ ನಮಗಿಬ್ಬರಿಗೂ ಸ್ವಲ್ಪ ಫಾರ್ಮಲ್.

ಸಿನಿಮಾದವರಿಗೆ ಮಂಗಳೂರು ಅಂದ್ರೆ ಒಂದೇ ರಾಗ. ನನ್ನ ಕನ್ನಡದ ರಾಗ ಬೇರೆ, ಅವಳದ್ದು ಬೇರೆ, ನಿಮ್ಮದು ಬೇರೆ. ನಾವು ಮೂವರು ಕಣ್ಣು ಮುಚ್ಚಿ "ಎಂತ" ಅಂದರೆ ಯಾರ ಮನೆಯಲ್ಲಿ ಯಾವ ಭಾಷೆ ಅಂತ ನನ್ನ ಮಾಂಯ್ ಹೇಳಿಬಿಡ್ತಾರೆ.

ಹಳೆ ಬ್ಯಾಂಕಿನವ · ಭಾನುವಾರ, ಬೆಳಿಗ್ಗೆ 10.45

ಮಕ್ಕಳೇ, ನನಗೆ 63. ಮಗಳು ಈ ಲಿಂಕ್ ಕಳಿಸಿದ್ದಾಳೆ, ಟೈಪು ಮಾಡಲಿಕ್ಕೆ ನಿಧಾನ, ಸಹಿಸಿಕೊಳ್ಳಿ.

ತುಳುವಿನ ಮೊದಲ ಸಿನಿಮಾ 'ಎನ್ನ ತಂಗಡಿ' ಬಂದದ್ದು 1971ರಲ್ಲಿ. ನಾನು ಆಗ ಎಂಟು ವರ್ಷದ ಹುಡುಗ. ಕಥೆ ನೆನಪಿಲ್ಲ. ನೆನಪಿರುವುದು ಪರದೆಯ ಮೇಲಿನವರು ತುಳು ಮಾತಾಡಿದ ಕೂಡಲೇ ನನ್ನ ಅಜ್ಜಿ ಕೂತಲ್ಲಿಂದಲೇ ಅವರಿಗೆ ಉತ್ತರ ಕೊಡಲಿಕ್ಕೆ ಶುರು ಮಾಡಿದ್ದು. ಅಲ್ಲಿಯವರೆಗೆ ಸಿನಿಮಾದವರು ಬೇರೆ ಲೋಕದವರು. ಅವತ್ತು ಪಕ್ಕದ ಮನೆಯವರಾದರು.

ಆಮೇಲೆ ಎಷ್ಟೋ ವರ್ಷ ಕನ್ನಡ ಸಿನಿಮಾದಲ್ಲಿ ನಮ್ಮ ಭಾಷೆ ಬರುತ್ತಿದ್ದದ್ದು ಸೌಟು ಹಿಡಿದವರ ಬಾಯಲ್ಲಿ ಮಾತ್ರ. ಅಡುಗೆ ಭಟ್ಟ, ಹೋಟೆಲಿನ ಗಲ್ಲೆಯಲ್ಲಿ ಕೂತವ, ಪುಕ್ಕಲ ಮಾಣಿ. ಒಂದು "ಎಂತದು ಮಾರಾಯ್ರೇ", ಟಾಕೀಸಿಡೀ ನಗು, ಅಷ್ಟಕ್ಕೆ ಅವನ ಕೆಲಸ ಮುಗಿಯಿತು. ನಗುತ್ತಿದ್ದವರಲ್ಲಿ ನಾವೇ ಮುಂದೆ, ಸುಳ್ಳು ಯಾಕೆ ಹೇಳಲಿ.

ನಾನು ಬ್ಯಾಂಕಿನಲ್ಲಿ ಹುಬ್ಬಳ್ಳಿಗೆ ವರ್ಗವಾಗಿ ಹೋದೆ. ಮೊದಲ ದಿನ ಕೌಂಟರಿಗೆ ಬಂದ ಯಜಮಾನರಿಗೆ "ಎಂತ ಬೇಕಿತ್ತು?" ಎಂದು ಕೇಳಿದೆ. ಅವರು ಬಹಳ ಪ್ರೀತಿಯಿಂದ "ಒಂದು ಮಸಾಲಿ ದ್ವಾಸಿ ಕೊಡ್ರಿ, ಚಟ್ನಿ ಜಾಸ್ತಿ" ಎಂದರು. ಇಡೀ ಬ್ರಾಂಚು ನಕ್ಕಿತು. ನಾನೂ ನಕ್ಕೆ. ಆಮೇಲೆ ಆರು ವರ್ಷ ನನಗೆ ಅಲ್ಲಿ ದ್ವಾಸಿ ಸಾಹೇಬರು ಎಂದೇ ಹೆಸರು. ಡ್ರಾಫ್ಟು ಬೇಕಾದರೆ "ದ್ವಾಸಿ ಸಾಹೇಬ್ರ ಕಡೆ ಹೋಗ್ರಿ" ಎನ್ನುತ್ತಿದ್ದರು.

ಆದ್ದರಿಂದ ತಂಗಿ, ನಿನ್ನ ಟೀಮಿನವರು "ಇನ್ನೊಮ್ಮೆ ಹೇಳಿ" ಎನ್ನುವುದು ನನಗೆ ಬಡ್ತಿಯ ಹಾಗೆ ಕಾಣುತ್ತದೆ. ನನ್ನ ಕಾಲಕ್ಕೆ ದೋಸೆ, ನಿನ್ನ ಕಾಲಕ್ಕೆ ಡೈಲಾಗು.

ಜ್ಯೋತಿ ಟಾಕೀಸಿನಲ್ಲಿ ನೋಡಿದ ಸಿನಿಮಾಗಳ ಬಗ್ಗೆ ಬರೆಯಬೇಕೆಂದಿದ್ದೆ. ಟಾಕೀಸೇ ಈಗ ಇಲ್ಲ, ಕಂಡಕ್ಟರುಗಳ ಬಾಯಲ್ಲಿ ಮಾತ್ರ "ಜ್ಯೋತಿ, ಜ್ಯೋತಿ" ಉಳಿದಿದೆ. ಕಣ್ಣು ನೋಯುತ್ತದೆ, ಇನ್ನೊಮ್ಮೆ ಬರೆಯುತ್ತೇನೆ.

ಅಕೌಂಟ್ಸ್ ಗೌಡ · ಭಾನುವಾರ, ಬೆಳಿಗ್ಗೆ 10.58

ದ್ವಾಸಿ ಸಾಹೇಬ್ರೇ, ಕಾಲಿಗೆ ಬೀಳ್ತೀನಿ. ಇನ್ನೂ ಬರೀರಿ.

ನಂತೂರಿನಲ್ಲಿ ನಿಂತವ · ಭಾನುವಾರ, ಬೆಳಿಗ್ಗೆ 11.30

ವಿಷಯ ಸಿನಿಮಾಕ್ಕೆ ಬಂತಲ್ಲ, ಒಂದು ಕೇಳ್ತೇನೆ. ಐಶ್ವರ್ಯಾ ರೈ ಹುಟ್ಟಿದ್ದು ಮಂಗಳೂರಿನಲ್ಲಿ, 1973. ಶಿಲ್ಪಾ ಶೆಟ್ಟಿ ಹುಟ್ಟಿದ್ದೂ ಮಂಗಳೂರು, 1975. ಅನುಷ್ಕಾ ಶೆಟ್ಟಿಯೂ ನಮ್ಮ ಕಡೆಯವಳೇ. ಸರಿ. ಆದರೆ ನಾನು ಹೋದ ಪ್ರತಿ ಮದುವೆಯಲ್ಲೂ, ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಒಬ್ಬರು ಆಂಟಿ ಆದರೂ "ಐಶ್ವರ್ಯ ನಮಗೆ ಹತ್ತಿರದವಳೇ ಆಗಬೇಕು" ಅಂತ ಹೇಳ್ತಾರಲ್ಲ, ಇದು ಹೇಗೆ? ನನ್ನ ಲೆಕ್ಕದಲ್ಲಿ ಈಗ ಆಕೆಗೆ ಸುಮಾರು ನಾಲ್ಕು ಸಾವಿರ ಜನ ಚಿಕ್ಕಮ್ಮಂದಿರು ಉಂಟು.

ಪದಾರ್ಥ ಎಂತ · ಭಾನುವಾರ, ಬೆಳಿಗ್ಗೆ 11.34

ನನ್ನ ದೊಡ್ಡಮ್ಮ ಒಂದು ಹೆಜ್ಜೆ ಮುಂದೆ. "ಸಣ್ಣದಿರುವಾಗ ನಾನು ಎತ್ತಿಕೊಂಡಿದ್ದೆ, ತುಂಬ ಹಟ" ಅಂತಾರೆ. ಎಲ್ಲಿ, ಯಾವಾಗ ಅಂತ ಕೇಳಿದರೆ ಪಾಯಸ ಬಡಿಸ್ತಾರೆ.

ಸುರತ್ಕಲ್ ಸೀಗಾಳಿ · ಭಾನುವಾರ, ಬೆಳಿಗ್ಗೆ 11.41

ನಮ್ಮ ಏರಿಯಾದಲ್ಲಿ ಕೆ.ಎಲ್. ರಾಹುಲ್. ಅಪ್ಪ ಇಲ್ಲಿನ ಎನ್‌ಐಟಿಕೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಿದ್ದರು, ಹುಡುಗ ಇಲ್ಲೇ ಬೆಳೆದದ್ದು, ಅದು ನಿಜ. ಆದರೆ ಸುರತ್ಕಲ್ಲಿನಲ್ಲಿ ಮೂವತ್ತು ದಾಟಿದ ಯಾವ ಗಂಡಸನ್ನು ಕೇಳಿದರೂ "ಸಣ್ಣದಿರುವಾಗ ನನ್ನ ಬಾಲಿಗೆ ಔಟಾಗಿದ್ದ" ಅಂತಾರೆ. ಇಷ್ಟು ಸಲ ಔಟಾದವ ಇಂಡಿಯಾ ಟೀಮಿಗೆ ಹೇಗೆ ಹೋದ ಅಂತ ನನಗೆ ಈಗಲೂ ಅರ್ಥವಾಗಿಲ್ಲ.

ವೇದಿಕೆ ನೋಡಿಕೊಳ್ಳುವವರು · ಭಾನುವಾರ, ಮಧ್ಯಾಹ್ನ 12.05

ದಯವಿಟ್ಟು ವಿಷಯಕ್ಕೆ ಬನ್ನಿ. (ನನ್ನ ಬಾಲಿಗೂ ಔಟಾಗಿದ್ದ.)

ಮುಡಿಪು ಮನೆ · ಭಾನುವಾರ, ಮಧ್ಯಾಹ್ನ 2.15

ಎಲ್ಲರೂ ನಗುವಾಗ ನಡುವೆ ಬಂದು ಗಂಭೀರ ಮಾತಾಡುವವ ಆಗಬಾರದು ಅಂತ ಬೆಳಿಗ್ಗೆಯಿಂದ ಸುಮ್ಮನಿದ್ದೆ. ಆದರೂ ಹೇಳ್ತೇನೆ.

"ಎಂತ ಮಾರ್ರೆ" ಅಂತ ಯಾರಾದರೂ ಅಣಕಿಸಿದರೆ ನನಗೆ ಬೇಜಾರಿಲ್ಲ. ಬೇಜಾರು 'ಕಾಂತಾರ'ದಲ್ಲಿ ಬರುವ ದೈವದ ಆ ಕೂಗಿನದ್ದು. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಕೋಲ ಆಗ್ತದೆ. ರಾತ್ರಿ ದೈವ ಕೂಗುವಾಗ ಎಂಬತ್ತು ವರ್ಷದ ಅಜ್ಜಿಯಿಂದ ಹಿಡಿದು ಆಡುವ ಮಕ್ಕಳವರೆಗೆ ಎಲ್ಲರೂ ಇದ್ದಲ್ಲಿ ನಿಲ್ತಾರೆ. ಅದೇ ಕೂಗನ್ನು ಜನ ಮಾಲಿನ ಎಸ್ಕಲೇಟರಿನಲ್ಲಿ, ಆಫೀಸ್ ಪಾರ್ಟಿಯಲ್ಲಿ, ರೀಲ್ಸಿನಲ್ಲಿ ಹಾಕ್ತಾರೆ. ಕಳೆದ ಅಕ್ಟೋಬರಿನಲ್ಲಿ 'ಕಾಂತಾರ'ದ ಎರಡನೇ ಸಿನಿಮಾ ಬಂದಾಗ ದೈವದ ವೇಷ ಹಾಕಿ ಥಿಯೇಟರಿಗೆ ಬಂದವರೂ ಇದ್ದರು. ಕೊನೆಗೆ ಸಿನಿಮಾ ಮಾಡಿದವರೇ ಹಾಗೆ ಅನುಕರಣೆ ಮಾಡಬೇಡಿ ಅಂತ ಕೇಳಿಕೊಳ್ಳಬೇಕಾಯಿತು.

ಅಷ್ಟೇ. ನೀವು ಮುಂದುವರಿಸಿ.

ಕಟಪಾಡಿ ಎಕ್ಸ್‌ಪ್ರೆಸ್ · ಭಾನುವಾರ, ಮಧ್ಯಾಹ್ನ 2.50

ಅಣ್ಣ, ಹೇಳಿದ್ದು ಒಳ್ಳೆಯದಾಯ್ತು. ನಮ್ಮ ಟೀಮಿನ ಗ್ರೂಪಿನಲ್ಲೂ ಒಬ್ಬ ಕೂಗಿನ ಆಡಿಯೋ ಹಾಕಿದ್ದ, "ಇದನ್ನೂ ಮಾಡಿ ತೋರ್ಸಿ" ಅಂತ. ಆಗ ಮಾತ್ರ ನನಗೆ ನಗು ಬರಲಿಲ್ಲ. "ಅದು ಮಾಡಿ ತೋರಿಸುವಂಥದ್ದಲ್ಲ" ಅಂತ ಬರೆದೆ. ಅವನು ಪಾಪ ಕೂಡಲೇ ತೆಗೆದ, ಸಾರಿ ಅಂದ. ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗುವುದು ಹೇಗೆ, ಅವನು ನೋಡಿದ್ದು ಟಿಕೆಟ್ ಕೊಟ್ಟು, ಕೈಯಲ್ಲಿ ಪಾಪ್‌ಕಾರ್ನ್ ಹಿಡಿದುಕೊಂಡು.

ನನ್ನ ಮಾತು ನನ್ನದು, ಅದನ್ನು ನಾನು ಬೇಕಾದರೆ ಮಾರಬಹುದು. ಕೂಗು ನನ್ನದಲ್ಲವಲ್ಲ.

ಮಾರುವ ವಿಷಯ ಬಂತು, ಒಂದು ಐಡಿಯಾ ಬಂದಿದೆ. ನಾಳೆ ಹೇಳ್ತೇನೆ.

ಬಿಜೈ ಬಾಯ್ · ಭಾನುವಾರ, ಸಂಜೆ 6.10

ಬೇರೆ ವಿಷಯ: 2024ರ ಜೂನಿನಲ್ಲಿ ಗೂಗಲ್ ಟ್ರಾನ್ಸ್‌ಲೇಟಿಗೆ ತುಳು ಸೇರಿಸಿದ್ದಾರಲ್ಲ, ನಿಮ್ಮ ಟೀಮಿನವರಿಗೆ ಅದನ್ನು ಕೊಡಿ. ಕಂಡಕ್ಟರ್ ಮಾತನ್ನು ಅದಕ್ಕೆ ಕೇಳಿಸಿದರೆ ಗೂಗಲ್ಲಿಗೇ ಬಚ್ಚುತ್ತದೆ.

ಅಕೌಂಟ್ಸ್ ಗೌಡ · ಭಾನುವಾರ, ಸಂಜೆ 6.25

ಬಚ್ಚುತ್ತದೆ ಅಂದ್ರೆ?

ಬಿಜೈ ಬಾಯ್ · ಭಾನುವಾರ, ಸಂಜೆ 6.26

ಸುಸ್ತಾಗ್ತದೆ ಗೌಡ್ರೆ.

ಅಕೌಂಟ್ಸ್ ಗೌಡ · ಭಾನುವಾರ, ಸಂಜೆ 6.28

ಓ. ಮೂರು ವರ್ಷದಿಂದ ನಮ್ಮ ಆಫೀಸಲ್ಲಿ ಎಲ್ರೂ ಸಾಯಂಕಾಲ ಏನನ್ನೋ ಬಚ್ಚಿಡ್ತಾವ್ರೆ ಅಂದ್ಕೊಂಡಿದ್ದೆ.

ಕಟಪಾಡಿ ಎಕ್ಸ್‌ಪ್ರೆಸ್ · ಸೋಮವಾರ, ರಾತ್ರಿ 8.30

ಐಡಿಯಾ ಇದು. ಇವತ್ತು ಮೀಟಿಂಗಿನಲ್ಲಿ ಘೋಷಿಸಿದೆ: ಇನ್ನು ಮುಂದೆ ಒಂದು "ಎಂತ ಮಾರ್ರೆ"ಗೆ ಒಂದು ಗಡ್‌ಬಡ್. ಲೆಕ್ಕ ಬರೆದಿಡ್ತೇನೆ, ಊರಿಗೆ ಬಂದಾಗ ಚುಕ್ತಾ ಮಾಡಬೇಕು. "ಅದು ಉಂಟಲ್ಲ" ಸ್ವಲ್ಪ ಕಡಿಮೆ, ಅದಕ್ಕೆ ಒಂದು ಪ್ಲೇಟ್ ಗೋಳಿಬಜೆ ಸಾಕು. "ಚಂಡಿ" ಮಳೆಗಾಲದಲ್ಲಿ ಮಾತ್ರ ಸಿಗುವುದು, ಸೀಸನ್ ರೇಟ್.

ಮ್ಯಾನೇಜರ್ ಬಹಳ ಗಂಭೀರವಾಗಿ "ಜಿಎಸ್‌ಟಿ ಸೇರಿಸಿಯಾ?" ಅಂತ ಕೇಳಿದರು. ಮತ್ತೆ ಹೇಳಿದರು, ಮುಂದಿನ ಶುಕ್ರವಾರ ಟೀಮಿಡೀ ಮಂಗಳೂರಿಗೆ ಬರ್ತಾ ಉಂಟಂತೆ. ಎರಡು ದಿನ. ನನ್ನನ್ನು ಗೈಡ್ ಮಾಡಿದ್ದಾರೆ. ಮಳೆಗಾಲದಲ್ಲಿ ಬೀಚಿಗೆ ಬರುವವರಿಗೆ ಎಂತ ಹೇಳುವುದು ನಾನು?

ಸುರತ್ಕಲ್ ಸೀಗಾಳಿ · ಸೋಮವಾರ, ರಾತ್ರಿ 8.44

ಎರಡು ಜೊತೆ ಬಟ್ಟೆ ಹೆಚ್ಚು ತರಲಿಕ್ಕೆ ಹೇಳಿ. ನೀರಿಗೆ ಇಳಿಯಲಿಕ್ಕೆ ಬಿಡಬೇಡಿ, ಈಗ ಅಲೆ ಸರಿ ಇಲ್ಲ. ದೂರದಿಂದ ತೋರಿಸಿ, ಗೋಳಿಬಜೆ ಕೊಡಿಸಿ, ವಾಪಸ್ ಕಳಿಸಿ.

ಕಟಪಾಡಿ ಎಕ್ಸ್‌ಪ್ರೆಸ್ · ಭಾನುವಾರ, ರಾತ್ರಿ 9.15

ಬಂದು ಹೋದರು. ವರದಿ ಒಪ್ಪಿಸ್ತೇನೆ.

ಶನಿವಾರ ಮಧ್ಯಾಹ್ನ ಸ್ವಲ್ಪ ಮಳೆ ಬಿಟ್ಟಿತ್ತು, ಪಣಂಬೂರಿಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಒಂದು ಬೊಂಡದ ಗಾಡಿ. ಟೀಮಿನಲ್ಲಿ ನನ್ನಿಂದ ಅತಿ ಹೆಚ್ಚು "ಎಂತ ಮಾರ್ರೆ" ಹೇಳಿಸಿದವ ಒಬ್ಬ ಇದ್ದಾನೆ, ಅವನ ಖಾತೆಯಲ್ಲೇ ಏಳು ಗಡ್‌ಬಡ್ ಬಾಕಿ. ಅವನು ರಾತ್ರಿಯೆಲ್ಲ ಹೋಟೆಲ್ ರೂಮಿನಲ್ಲಿ ಪ್ರಾಕ್ಟೀಸ್ ಮಾಡಿದ್ದನಂತೆ. ನಾನು ಪಿಜಿ ಕನ್ನಡಿ ಎದುರು ನಿಂತ ಹಾಗೆ! ಎಲ್ಲರನ್ನೂ ಸುಮ್ಮನಿರಿಸಿ, ಗಾಡಿಯ ಎದುರು ಹೋಗಿ, ಕತ್ತು ವಾರೆ ಮಾಡಿ, ರಾಗ ಎಳೆದು ಹೇಳಿದ: "ಎಂಥಾ ಮಾರ್ರೇ, ಒಂದು ಬೊಂಡ ಕೊಡಿ ಆಯ್ತಾ."

ಗಾಡಿಯವರು ಕತ್ತಿ ಕೆಳಗಿಟ್ಟು, ಅವನನ್ನು ನೋಡಿ ಹೇಳಿದ್ದು: "ಎಳನೀರ ಬೇಕೇನ್ರಿ? ಗಂಜಿ ಇದ್ದದ್ದು ಕೊಡ್ಲೋ, ಬರೇ ನೀರಿಂದು ಕೊಡ್ಲೋ?"

ಗದಗದವರು. ಬಂದು ಹನ್ನೆರಡು ವರ್ಷ ಆಯ್ತಂತೆ. ಇವನ ಮುಖ ನೋಡಬೇಕಿತ್ತು ನೀವು, ಮಗುಚಿದ ಕೊಡೆಯ ಹಾಗೆ.

ಆಮೇಲೆ ಅವರು ನನ್ನ ಕಡೆ ತಿರುಗಿ "ಬೊಂಡ ಬೋಡಾ ಅಕ್ಕ?" ಅಂದರು. ಸೀದಾ ತುಳು. ನನಗಿಂತ ಚಂದ, ಒಂಚೂರೂ ರಾಗ ಇಲ್ಲದೆ. ನಾನು ಬಾಯಿ ತೆರೆಯುವ ಮೊದಲೇ ನಾನು ಯಾವ ಊರಿನವಳು ಅಂತ ಹೇಗೆ ಗೊತ್ತಾಯ್ತು ಅಂತ ಕೇಳಿದೆ. "ಕೊಡಿ ಹಿಡಿಯೂದು ನೋಡಿದ್ರ ಗೊತ್ತಾಗ್ತೈತ್ರಿ. ನೀವು ಮಳಿ ಇಲ್ಲದಾಗೂ ಕಂಕುಳಾಗ ಇಟಗೊಂಡೀರಿ" ಅಂದರು.

ಹಳೆ ಬ್ಯಾಂಕಿನವ · ಭಾನುವಾರ, ರಾತ್ರಿ 9.40

ಗದಗದವರ ಹತ್ತಿರ ನನ್ನ ನಮಸ್ಕಾರ ಹೇಳು ತಂಗಿ. ಅವರೇನಾದರೂ ನನಗೆ "ಎಂತ ಬೇಕು?" ಎಂದು ಕೇಳಿದರೆ ನಾನು ಮಸಾಲೆ ದೋಸೆ ಕೇಳುವವನೇ. ಹಳೆಯ ಬಾಕಿ.

ಕುಂದಾಪ್ರ ಗಂಡ್ · ಭಾನುವಾರ, ರಾತ್ರಿ 9.52

ಅದೆಲ್ಲ ಇರ್ಲಿ ಮರ್ರೆ, ಗಡ್‌ಬಡ್ ಕೊಡ್ಸಿದ್ರಾ ಇಲ್ಯಾ?

ಕಟಪಾಡಿ ಎಕ್ಸ್‌ಪ್ರೆಸ್ · ಭಾನುವಾರ, ರಾತ್ರಿ 9.55

ಮೂರು ತಿಂದೆ, ನಾಲ್ಕನೇದರಲ್ಲಿ ಗಂಟಲು ಕಟ್ಟಿತು. ನಾಳೆ ಹತ್ತು ಗಂಟೆಗೆ ಮೀಟಿಂಗು, ದನಿಯೇ ಹೊರಡುವುದಿಲ್ಲ ಈಗ.